ಸ್ಟ್ರಾಬೆರಿ ಸಸಿ ತಯಾರಿಸುವ ಕ್ರಮ ಬದಲಾಗುತ್ತಿದೆ

ಪುಣೆ

ಮಾನ್ಯ ಗ್ರಾಹಕರೇ,

ಬರುವ ಹಂಗಾಮಿನಿಂದ ಎಲೆತುಂಡಿನಿಂದ ಎಬ್ಬಿಸಿದ ಸ್ಟ್ರಾಬೆರಿ ಸಸಿಗಳನ್ನು ನಮ್ಮ ಘಟಕ ಮಾರುವುದಿಲ್ಲ. ಇನ್ನು ಮುಂದೆ ಎಲ್ಲ ಸಸಿಯೂ ರನ್ನರ್ (ತಾಯಿಗಿಡದಿಂದ ನೆಲದ ಮೇಲೆ ಹರಿಯುವ ಬಳ್ಳಿಕಾಂಡ) ಕುಡಿಯ ಮೆರಿಸ್ಟೆಮ್‌ನಿಂದಲೇ, ಅಂದರೆ ತುದಿಯಲ್ಲಿ ಸದಾ ವಿಭಜಿಸುವ ಕೋಶಗಳ ಗುಂಪಿನಿಂದಲೇ. ಸಸಿ ಕೈಸೇರುವುದು ತಡವಾಗುತ್ತದೆ, ಬೆಲೆಯೂ ಏರುತ್ತದೆ. ಹಾಗಾಗಿ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ಎಲೆತುಂಡನ್ನು ಟಿಡಿಝಡ್ ಅಥವಾ ಬಿಎಪಿ (ಚಿಗುರಿಸುವ ಸೈಟೊಕೈನಿನ್ ಗುಂಪಿನ ಹಾರ್ಮೋನ್‌ಗಳು) ಹಾಕಿದ ಎಂಎಸ್ ಎಂಬ ಪೋಷಕ ಮಾಧ್ಯಮದ ಮೇಲಿಟ್ಟರೆ ಕೊಯ್ದ ಅಂಚಿನಲ್ಲಿ ಕ್ಯಾಲಸ್ (ರೂಪವಿಲ್ಲದ ಕೋಶಗಳ ಗಂಟು) ಕಟ್ಟಿ, ಅದರಿಂದ ಚಿಗುರು ಹುಟ್ಟುತ್ತದೆ. ಹೀಗೆ ಹುಟ್ಟುವ ಶಕ್ತಿ ತಳಿಯ ವಂಶಗುಣ. ಅದೇ ಮಾಧ್ಯಮದಲ್ಲಿ ಒಂದು ತಳಿ ಗೊಂಚಲು ಗೊಂಚಲಾಗಿ ಚಿಗುರಿದರೆ, ಪಕ್ಕದ ಬಾಟಲಿಯ ತಳಿ ಬರೀ ಕ್ಯಾಲಸ್ ಉಬ್ಬಿಸಿ ಕಂದುಬಣ್ಣಕ್ಕೆ ತಿರುಗಿ ಸಾಯುತ್ತದೆ. ಚಿಗುರದ ತಳಿಗೆಂದು ಹಾರ್ಮೋನ್ ಏರಿಸಿ, ಕ್ಯಾಲಸನ್ನು ಹೆಚ್ಚು ದಿನ ಇಟ್ಟರೆ ನಿಜವಾದ ತೊಂದರೆ ಶುರು: ಕೋಶ ವಿಭಜನೆಯಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪಬಹುದು, ಜೀನ್‌ಗಳ ಕೆಲಸವನ್ನು ನಿಯಂತ್ರಿಸುವ, ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳು ಬದಲಾಗಬಹುದು.

ಕಾಡು ಸ್ಟ್ರಾಬೆರಿ ವೆಸ್ಕಾಗೆ 14 ಕ್ರೋಮೋಸೋಮ್. ನಾವು ಬೆಳೆಯುವ ಸ್ಟ್ರಾಬೆರಿಗೆ 56, ಅಂದರೆ ಏಳೇಳರ ಎಂಟು ಸೆಟ್. ಒಂದು ಜೀನ್‌ನ ಒಂದು ಪ್ರತಿ ಕೆಟ್ಟರೆ ಉಳಿದವು ಎಷ್ಟೋ ಸಲ ಅದನ್ನು ಮುಚ್ಚಿಬಿಡುತ್ತವೆ. ಬಾಟಲಿಯಲ್ಲೂ ಟ್ರೇಯಲ್ಲೂ ಸಸಿ ಲಕ್ಷಣವಾಗಿಯೇ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಹೂವು, ಕಾಯಿ ಬಂದಾಗ. ಸಸಿಯ ತಳಿಶುದ್ಧಿ ನೋಡುವ ಎಸ್‌ಎಸ್‌ಆರ್ ಪರೀಕ್ಷೆ ಡಿಎನ್‌ಎಯ ಕೆಲವೇ ಜಾಗಗಳನ್ನು ನೋಡುತ್ತದೆ, ಮಿಥೈಲ್ ಬದಲಾವಣೆ ಅದಕ್ಕೆ ಕಾಣುವುದಿಲ್ಲ. ಆ ವರದಿಯೊಂದನ್ನೇ ನಂಬಿ ಸಸಿ ಮಾರುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೊಸ ಕ್ರಮದಲ್ಲಿ ಸೂಕ್ಷ್ಮದರ್ಶಕದಡಿ 0.3ರಿಂದ 0.5 ಮಿ.ಮೀ. ಕುಡಿ ತೆಗೆಯುತ್ತೇವೆ. ಇದಕ್ಕಿಂತ ದೊಡ್ಡದಾದರೆ ವೈರಸ್ ಉಳಿಯುವ ಸಂಭವ ಹೆಚ್ಚು, ಚಿಕ್ಕದಾದರೆ ಕುಡಿ ಬದುಕುವುದು ಕಷ್ಟ. ಬಿಎಪಿ ಲೀಟರಿಗೆ 0.5 ಮಿ.ಗ್ರಾಂ. ಮೀರುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ಸಬ್‌ಕಲ್ಚರ್ (ಬಿಡಿಸಿ ಹೊಸ ಮಾಧ್ಯಮಕ್ಕೆ ಹಾಕುವುದು), ಆರು ಸಲಕ್ಕೆ ನಿಲ್ಲಿಸುತ್ತೇವೆ. ಪ್ರತಿ ಸಲವೂ ಕ್ರೌನ್ (ಎಲೆಗಳು ಹುಟ್ಟುವ ಗಿಡ್ಡ ಕಾಂಡ) ನಡುವಿನ ಕುಡಿಯನ್ನಷ್ಟೇ ಬಿಡಿಸಿ, ಎಲೆತೊಟ್ಟಿನ ಬುಡದ ಕಂದು ಪೊರೆಯ ಬಳಿ ಏಳುವ ಸಣ್ಣ ಮೊಗ್ಗುಗಳನ್ನು ಎಸೆಯುತ್ತೇವೆ. ಸೈಟೊಕೈನಿನ್ ಹೆಚ್ಚಾದಾಗ ಹುಟ್ಟುವ ಇವೂ ಎಲೆತುಂಡಿನ ಚಿಗುರಿನ ಜಾತಿಯವೇ. ಕೊನೆಯ ಸುತ್ತು ಹಾರ್ಮೋನ್ ಇಲ್ಲದ ಮಾಧ್ಯಮದಲ್ಲಿ. ಬೇರು ಬಿಡುವುದೂ ಅಲ್ಲೇ. ಬಿಎಪಿ ಪ್ರಭಾವ ಉಳಿದ ಸಸಿ ಹೊಲದಲ್ಲಿ ಪೊದೆಯಾಗಿ ಕ್ರೌನ್ ಮೇಲೆ ಕ್ರೌನ್ ಕಟ್ಟುತ್ತದೆ, ಹಣ್ಣು ಸಣ್ಣದಾಗುತ್ತದೆ.

ಕುಡಿ ತೆಗೆದ ದಿನದಿಂದ ಹಾರ್ಡನಿಂಗ್ (ಸಸಿಯನ್ನು ಹೊರಗಿನ ಹವೆಗೆ ಒಗ್ಗಿಸುವುದು) ಮುಗಿಯುವವರೆಗೆ ಸುಮಾರು ಹತ್ತು ತಿಂಗಳು ಬೇಕು. ಮಾರ್ಚ್‌ನಲ್ಲಿ ಸಸಿ ಬೇಕಿದ್ದವರು ಹಿಂದಿನ ಮೇ ಮುಗಿಯುವುದರೊಳಗೆ ಬುಕ್ ಮಾಡಿ. ಇವು ತಾಯಿಗಿಡಗಳು. ಹೂವು ಬಂದಂತೆ ಚಿವುಟಿ, ರನ್ನರ್ ಬಿಡಿಸಿ, ಆ ಮರಿಗಿಡಗಳನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಹಾಬಳೇಶ್ವರ, ಪಂಚಗಣಿ, ಬೆಳಗಾವಿಯ ಮಡಿಗಳಿಗೆ ಹಾಕಿ. ನೆಡುವಾಗ ಕ್ರೌನ್ ಮಣ್ಣಿನ ಮಟ್ಟಕ್ಕೇ ಇರಲಿ: ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಪ್ರತಿ ಟ್ರೇಗೂ ತಳಿ, ಕುಡಿ ತೆಗೆದ ದಿನಾಂಕ, ಸಬ್‌ಕಲ್ಚರ್ ಸಂಖ್ಯೆ ಬರೆದ ಚೀಟಿ ಕನ್ನಡ, ಮರಾಠಿ ಎರಡರಲ್ಲೂ ಇರುತ್ತದೆ.

ಎಲೆತುಂಡಿನ ಸಸಿ ಈಗಾಗಲೇ ನಿಮ್ಮಲ್ಲಿದ್ದರೆ ಕೀಳಬೇಕಾಗಿಲ್ಲ. ಎಲೆಯಲ್ಲಿ ಬಿಳಿ ಗೆರೆ, ವಿಪರೀತ ಗಿಡ್ಡತನ, ಅತಿಯಾದ ಕ್ರೌನ್ ಕಂಡ ಗಿಡದಿಂದ ಮಾತ್ರ ರನ್ನರ್ ತೆಗೆಯಬೇಡಿ. ಅಂಥ ಗಿಡದ ಫೋಟೋವನ್ನು ಟ್ರೇ ಚೀಟಿಯ ಜೊತೆ ಕಳಿಸಿದರೆ ಬದಲಿ ಸಸಿ ಕೊಡುತ್ತೇವೆ. ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ಬೆಲೆಯೇ ಅನ್ವಯ.

ಇಂತಿ,
ಅಂಗಾಂಶ ಕೃಷಿ ವಿಭಾಗ