ಕಾಯಿ, ಬೆಲ್ಲ ಮತ್ತು ನನ್ನನ್ನು ಓದಿಸಿದವರು

ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ನನ್ನ ಎಂ.ಎಸ್ಸಿ. ಮುಗಿಯಿತು. ವಿಷಯ ಮಣ್ಣು. ಪ್ರಮಾಣಪತ್ರ ಕೈಗೆ ಬಂತು, ನಾನೂ ಶಿರಸಿಗೆ ವಾಪಸ್ ಬಂದೆ. ಸಿಕ್ಕವರೆಲ್ಲ "ಪಾಪ, ಎಷ್ಟು ಕಷ್ಟಪಟ್ಟು ಓದಿದೆ" ಎನ್ನುತ್ತಿದ್ದಾರೆ. ಓದಿದ್ದು ಹೌದು. ಆದರೆ ಓದು ಅಂಥ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಮಧ್ಯಾಹ್ನದ ಊಟ. ಎರಡು ಹೋಳು ತಣ್ಣನೆ ಬ್ರೆಡ್ಡು, ನಡುವೆ ಒಂದು ಹೋಳು ಚೀಸು. ಡಚ್ಚರು ಅದನ್ನು ಡಬ್ಬಿಯಲ್ಲಿ ತಂದು, ಕಂಪ್ಯೂಟರ್ ನೋಡುತ್ತಲೇ ತಿಂದು, ಮತ್ತೆ ಕೆಲಸ ಶುರು ಮಾಡುತ್ತಾರೆ. ಒಳ್ಳೆಯ ಜನ, ಆದರೆ ಬಡಿಸುವುದು ಅನ್ನುವ ಕೆಲಸವೇ ಅವರ ಮಧ್ಯಾಹ್ನದಲ್ಲಿ ಇಲ್ಲ.

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಬೆಳಿಗ್ಗೆ ಎಂಟೂವರೆ ದಾಟಿರುತ್ತದೆ. ಸಂಜೆ ನಾಲ್ಕೂವರೆಗೆ ಮುಳುಗಿಬಿಡುತ್ತದೆ. ಉಳಿದ ಹೊತ್ತಿಗೆ ಮಳೆ. ಮಳೆಗೆ ನಾನು ಹೆದರುವವಳಲ್ಲ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿನವಳು. ಆದರೆ ನಮ್ಮಲ್ಲಿ ಮಳೆ ಬಂತೆಂದರೆ ಒಲೆಯ ಮುಂದೆ ಜಾಗಕ್ಕೆ ಜಗಳ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ಜೊತೆಗೆ ನಾಲ್ಕು ಕಾಯಿ ಚೂರು. ಅಲ್ಲಿ ಬರೀ ಮಳೆ. ಮೊದಲ ಚಳಿಗಾಲದಲ್ಲಿ ವಾಪಸ್ ಬರುವ ಟಿಕೆಟ್ಟಿನ ದರವನ್ನು ದಿನಾ ರಾತ್ರಿ ನೋಡುತ್ತಿದ್ದೆ. ಕೊಳ್ಳಲಿಲ್ಲ. ಯಾಕೆ ಕೊಳ್ಳಲಿಲ್ಲ ಅನ್ನುವುದಕ್ಕೆ ಕೆಲವರು ಕಾರಣ. ಅವರಿಗೆ ಇಲ್ಲಿ ಎಲ್ಲರೆದುರು ಧನ್ಯವಾದ ಹೇಳಬೇಕು.

ಮೊದಲು ಆಯಿಗೆ. ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಹೋಗುವವರು ಹಾಲು, ತುಪ್ಪ ಒಯ್ಯುವಂತಿಲ್ಲ. 2019ರ ಡಿಸೆಂಬರಿನಿಂದ ಹಣ್ಣು, ತರಕಾರಿಗೂ ರೋಗ-ಕೀಟ ಇಲ್ಲವೆಂಬ ಪ್ರಮಾಣಪತ್ರ ಬೇಕು. ಐದು ಹಣ್ಣಿಗೆ ಮಾತ್ರ ಬೇಡ: ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡುರಿಯನ್. ಇದನ್ನು ಓದಿ ಹೇಳಿದಾಗ ಅಪ್ಪಯ್ಯ "ಹಾಗಾದ್ರೆ ನಮ್ಮ ತೋಟ ನೋಡಿಯೇ ಕಾನೂನು ಬರೆದಿದ್ದಾರೆ" ಎಂದ. ಆಯಿ ನಗಲಿಲ್ಲ. ತುಪ್ಪ ಇಲ್ಲದೆ ಮಗಳು ಏನು ತಿನ್ನುತ್ತಾಳೆ ಅನ್ನುವುದೇ ಅವಳ ಚಿಂತೆ. ಪೆಟ್ಟಿಗೆಯಲ್ಲಿ ಸುಲಿದ ಕಾಯಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿದಳು. ಜೋನಿ ಬೆಲ್ಲವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕೆ ಹಾಕಿ, ಆ ಚೀಲವನ್ನು ಅವಳದೇ ಹಳೇ ಸೀರೆಯಲ್ಲಿ ಸುತ್ತಿದಳು. ಬೆಲ್ಲ ಒಂದು ಹನಿಯೂ ಚೆಲ್ಲಲಿಲ್ಲ.

ಆಮೇಲೆ ತೊಡದೇವಿನ ಪಾರ್ಸೆಲ್ಲು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಬ್ಬಿನ ಹಾಲಿನಲ್ಲಿ ಅಕ್ಕಿ ಹಿಟ್ಟು ಕದಡಿ ತೆಳ್ಳಗೆ ಮಾಡಿಕೊಳ್ಳಬೇಕು. ಬಣ್ಣಕ್ಕೆ ಚೂರು ಅರಿಶಿಣ. ಮಣ್ಣಿನ ಗಡಿಗೆಯನ್ನು ಬೆಂಕಿಯ ಮೇಲೆ ಕವುಚಿ, ಕಾದ ಮೇಲೆ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನಿಗೆ ಒಂದೇ ಸಲ ಎಳೆಯಬೇಕು. ಕೈ ನಿಧಾನವಾದರೆ ದಪ್ಪ, ಅವಸರವಾದರೆ ತೂತು. ಎದ್ದು ಬರುವ ಹಾಳೆಯನ್ನು ಬಿಸಿ ಇರುವಾಗಲೇ ಮಡಿಸಬೇಕು. ಆರಿದರೆ ಮಡಿಸುವ ಮಾತೇ ಇಲ್ಲ, ಪುಡಿ. ಆಲೆಮನೆ ನಡೆಯುವ ದಿನಗಳಲ್ಲಿ ಆಯಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆ ಬೆಂಕಿಯ ಮುಂದೆ ಕೂತು ಎಳೆದದ್ದು ನನ್ನ ಕೈಗೆ ಬರುವಾಗ ದಾರಿಯಲ್ಲಿ ಪೂರ್ತಿ ಪುಡಿಯಾಗಿತ್ತು. ಬಿಸಿ ಹಾಲಿಗೆ ಹಾಕಿಕೊಂಡು ಚಮಚದಲ್ಲಿ ತಿಂದೆ. ಆಯಿಗೆ "ಗರಿಗರಿ ಇತ್ತು" ಎಂದು ಹೇಳಿದ್ದೇನೆ. ಸುಳ್ಳಲ್ಲ, ಪುಡಿಯೂ ಗರಿಗರಿಯೇ ಇತ್ತು.

ಕುಮಟಾದ ಚಿಕ್ಕಮ್ಮ ಕಳಿಸಿದ್ದು ಮುರುಗಲ ತುಪ್ಪ. ಮುರುಗಲ ಅಂದರೆ ಕೋಕಂ. ಅದರ ಬೀಜದ ಎಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದಲ್ಲ, ಅದೇ. ತುಟಿಗೂ ಹಿಮ್ಮಡಿಗೂ ಹಚ್ಚಲು ಅಂತ ಕಳಿಸಿದ್ದು. ಬಿಸಿ ಅನ್ನಕ್ಕೂ ಹಾಕಿಕೊಂಡೆ. ಎಮ್ಮೆ ತುಪ್ಪದ ಜಾಗ ಅದು ತುಂಬುವುದಿಲ್ಲ, ಯಾರು ಏನೇ ಹೇಳಲಿ. ಆದರೂ ಅನ್ನದ ಮೇಲೆ ಏನೋ ಕರಗುವುದನ್ನು ನೋಡಿದರೇ ಸಮಾಧಾನ.

ಇನ್ನು ಕಾರವಾರದ ಗೆಳತಿ. ಕೋಡಿಬಾಗದವಳು. ಅವಳಿದ್ದದ್ದು ನನ್ನ ಪಕ್ಕದ ಕೋಣೆಯಲ್ಲಿ, ಅಡುಗೆಮನೆ ಇಬ್ಬರಿಗೂ ಒಂದೇ. ಸಂತೆಯಲ್ಲಿ ಬಂಗಡೆ ಸಿಕ್ಕಿದ ದಿನ ಅವಳಿಗೆ ಹಬ್ಬ, ನನಗೆ ಕಿಟಕಿ ತೆರೆಯುವ ಕೆಲಸ. ಉತ್ತರ ಕನ್ನಡವನ್ನು ಒಡೆದು ಶಿರಸಿಯನ್ನು ಬೇರೆ ಜಿಲ್ಲೆ ಮಾಡಬೇಕು ಎನ್ನುವ ಕೂಗು ನಮ್ಮ ಕಡೆ ಇದೆಯಲ್ಲ. "ಘಟ್ಟದ ಮೇಲಿನವರಿಗೆ ಬೇರೆ ಜಿಲ್ಲೆ ಬೇಕು, ಅಲ್ವಾ? ಹಾಗಾದ್ರೆ ಈ ಒಲೆ ಕಾರವಾರಕ್ಕೆ, ಆ ಒಲೆ ಶಿರಸಿಗೆ" ಎಂದು ಗಡಿ ಹಾಕಿದವಳು ಅವಳೇ. ಗಡಿ ಮುರಿದವಳೂ ಅವಳೇ, ಮಣಗಣೆ ಎನ್ನುವ ಪಾಯಸ ಮಾಡಿ.

ನನಗೆ ಜ್ವರ ಬಂದು ಪರೀಕ್ಷೆಯೂ ತಲೆಯ ಮೇಲೆ ಕೂತಿದ್ದ ವಾರ ಅದು. ಕಡಲೆಬೇಳೆ ಬೇಯಿಸಿ, ಸಾಬಕ್ಕಿ ಹಾಕಿ, ಬೆಲ್ಲ ಕರಗಿಸಿ, ತೆಂಗಿನ ಹಾಲು ಸುರಿದು, ಮೇಲೆ ಗೋಡಂಬಿ, ಏಲಕ್ಕಿ. ಬೇಳೆ ಮೆತ್ತಗೆ ಬೆಂದ ಮೇಲೆಯೇ ಬೆಲ್ಲ ಹಾಕಬೇಕು, ಮೊದಲೇ ಹಾಕಿದರೆ ಬೇಳೆ ಬೇಯುವುದಿಲ್ಲ. ಪರದೇಶದಲ್ಲಿ ಸಿಹಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅರಿಶಿಣದ ಎಲೆ ಬೇಡ, ಹಸಿ ಹಲಸು ಬೇಡ, ಗಡಿಗೆ ಬೇಡ. ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ. ಹೋಳಿಗೆ, ಕಡುಬು ಅಂತ ಹೊರಟು ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಸುಮ್ನೆ ಮಣಗಣೆ ಮಾಡಿ. ಗೆಳತಿ, ನೀನು ಇನ್ನೂ ಅಲ್ಲೇ ಓದುತ್ತಿದ್ದೀಯ. ಇದನ್ನು ಓದಿದ ಮೇಲೆ ನಿನಗೆ ಜಂಬ ಜಾಸ್ತಿ ಆಗುತ್ತದೆ ಎಂದು ಗೊತ್ತು. ಆಗಲಿ.

ಬೆಲ್ಲ ಅಂದೆನಲ್ಲ, ಆ ಬೆಲ್ಲದ ಅಂಗಡಿಯ ಅಮ್ಮನಿಗೂ ಋಣ ಇದೆ. ಅವರು ಸುರಿನಾಮ್ ಮೂಲದವರು. 1873ರಿಂದ ಕಲ್ಕತ್ತಾದಲ್ಲಿ ಹಡಗು ಹತ್ತಿಸಿ, ದಕ್ಷಿಣ ಅಮೆರಿಕದ ಡಚ್ ವಸಾಹತಿನ ತೋಟಗಳಿಗೆ ಉತ್ತರ ಭಾರತದ ಕೂಲಿಗಳನ್ನು ಒಯ್ದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಹೊತ್ತಿಗೆ ಆ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು ಬಹಳ ಜನ ನೆದರ್‌ಲ್ಯಾಂಡ್ಸ್‌ಗೆ ಬಂದರು. ಈ ಅಮ್ಮನ ಮನೆಯವರೂ ಹಾಗೇ ಬಂದವರು. ಅವರ ಹಿರಿಯರು ಬಿಟ್ಟ ಊರನ್ನು ಅವರು ನೋಡಿಯೇ ಇಲ್ಲ. ಆದರೂ ರೊಟ್ಟಿಯ ಜೊತೆ ಉದ್ದನೆ ಅಲಸಂದೆ ಕೋಡಿನ ಪಲ್ಯ ಮಾಡುತ್ತಾರೆ, ಬೇಳೆ ರುಬ್ಬಿ ವಡೆ ಕರಿಯುತ್ತಾರೆ. ನಾನು ಬೆಲ್ಲ ಕೇಳಿದಾಗ ಇಂಡೊನೇಷ್ಯಾದ ತಾಳೆ ಬೆಲ್ಲದ ಉರುಟು ಅಚ್ಚು ತೆಗೆದುಕೊಟ್ಟರು. ಹೊಗೆ ವಾಸನೆಯ ಕಪ್ಪು ಬೆಲ್ಲ. ಪಾಯಸಕ್ಕೆ ನಮ್ಮ ಬೆಲ್ಲಕ್ಕಿಂತ ಅದೇ ಚೆನ್ನಾಗಿದೆ. ಶಿರಸಿಯಲ್ಲಿ ಕೂತು ಈ ಮಾತು ಬರೆಯಲು ಧೈರ್ಯ ಬೇಕು, ಬರೆದಿದ್ದೇನೆ. ಕಾಯಿ ತುರಿಯನ್ನು ಫ್ರೀಜರಿನಿಂದ ಎತ್ತಿಕೊಂಡರೆ "ಒಡೆದದ್ದು ಇದೆ, ಒಳಗೆ ಬಾ" ಎಂದು ಹಿಂದಿನ ಕೋಣೆಗೆ ಕರೆದು, ತಮ್ಮ ಮನೆಗೆಂದು ಇಟ್ಟ ಕಾಯಿಯನ್ನೇ ತುರಿದುಕೊಟ್ಟಿದ್ದಾರೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಯ ಮಾಲೀಕರಾದ ಡಚ್ ಅಜ್ಜಿಗೆ ಧನ್ಯವಾದ ಹೇಗೆ ಹೇಳಲಿ? ಅವರು ಕನ್ನಡ ಓದುವುದಿಲ್ಲ, ಫೋನಿನಲ್ಲಿ ಓದಿ ಹೇಳಬೇಕು. ಒಂದು ಭಾನುವಾರ ಅವರು ಗುಳಿ ಗುಳಿ ಇದ್ದ ಕಬ್ಬಿಣದ ಕಾವಲಿ ತೆಗೆದರು. ನಾನು ಕೂಗಿಯೇ ಬಿಟ್ಟೆ. ನಮ್ಮ ಗುಳಿಯಪ್ಪದ ಕಾವಲಿ! ಗುಳಿ ಸ್ವಲ್ಪ ಆಳ ಕಡಿಮೆ, ಅಷ್ಟೇ. ಅವರು ಅದರಲ್ಲಿ ಪೊಫರ್ಟ್ಯೆಸ್ ಮಾಡುತ್ತಾರೆ. ಬಕ್‌ವೀಟ್ ಎನ್ನುವ ಧಾನ್ಯದ ಹಿಟ್ಟಿಗೆ ಗೋದಿ ಹಿಟ್ಟು ಬೆರೆಸಿ, ಯೀಸ್ಟ್ ಹಾಕಿ ಉಬ್ಬಿಸಿ, ಕಡ್ಡಿಯಲ್ಲಿ ತಿರುವಿ ಹಾಕಿ, ಮೇಲೆ ಬೆಣ್ಣೆ ಮತ್ತು ಸಕ್ಕರೆ ಪುಡಿ. ಮುಂದಿನ ಭಾನುವಾರ ಕಾವಲಿ ನನ್ನ ಕೈಗೆ ಬಂತು. ಅಕ್ಕಿ ನೆನೆಸಿ, ಬಾಳೆಹಣ್ಣು, ಕಾಯಿ, ಬೆಲ್ಲ ಹಾಕಿ ರುಬ್ಬಿ ಎರೆದೆ. ಅಜ್ಜಿ ತಿಂದು, ಸಕ್ಕರೆ ಪುಡಿ ಉದುರಿಸಿಕೊಂಡು ಇನ್ನೊಮ್ಮೆ ತಿಂದರು. ಆಮೇಲೆ ಆ ಕಾವಲಿ ಬಹುಪಾಲು ನನ್ನ ಕಪಾಟಿನಲ್ಲೇ ಇತ್ತು.

ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬಕ್ಕೆ ಅವರು ಕೊಟ್ಟ ಸ್ಪೆಕ್ಯುಲಾಸ್ ಬಿಸ್ಕತ್ತಿನಲ್ಲಿ ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಏಲಕ್ಕಿ, ಜೊತೆಗೆ ಮೆಣಸು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ಊರಿನವಳಿಗೆ ಬಿಸ್ಕತ್ತಿನಲ್ಲಿ ಮೆಣಸಿನ ಘಾಟು ಬಂದಾಗ ಹೇಗಾಗಬೇಡ! ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಕಥೆಯನ್ನು ಅಜ್ಜಿಗೆ ಹೇಳಿದೆ. "ಪೋರ್ಚುಗೀಸರು ಬಂದರಂತೆ, ನಮ್ಮವರು ಬರಲಿಲ್ಲವೇ?" ಎಂದರು. ಬಂದಿದ್ದರು, ಅದೂ ಮೆಣಸಿಗೇ ಎಂದೆ. ಇಬ್ಬರೂ ನಕ್ಕು ಇನ್ನೊಂದು ಬಿಸ್ಕತ್ತು ತಿಂದೆವು.

ನನ್ನ ಮಾರ್ಗದರ್ಶಕರಿಗೆ, ಸಹಪಾಠಿಗಳಿಗೆ, ಸಾಲ ಕೊಟ್ಟ ಬ್ಯಾಂಕಿಗೆ ಪ್ರಬಂಧದ ಮೊದಲ ಪುಟದಲ್ಲೇ ಕೃತಜ್ಞತೆ ಸಲ್ಲಿಸಿದ್ದೇನೆ. ಅಲ್ಲಿ ಬಂಗಡೆ, ಬೆಲ್ಲದ ವಿಷಯ ಬರೆಯಲು ಜಾಗ ಇರಲಿಲ್ಲ. ಅದಕ್ಕೇ ಇದು.

ಈಗ ಚೌತಿ ಹತ್ತಿರ ಬಂತು. ನಮ್ಮ ಮನೆಯಲ್ಲಿ ಮುಂದಿನ ವಾರ ಚಕ್ಕುಲಿ ಕಂಬಳ, ಅಂದರೆ ಎಲ್ಲರೂ ಸೇರಿ ಚಕ್ಕುಲಿ ಮಾಡುವುದು. ಹಿಟ್ಟು ನಾದಲು ಗಂಡಸರು ಬೇಕಾದಷ್ಟು ಇದ್ದಾರೆ, ಕೈಯಲ್ಲಿ ಸುತ್ತುವವರು ಕಡಿಮೆ. ಕುಮಟಾದ ಚಿಕ್ಕಮ್ಮ ದೇವಿಮನೆ ಘಟ್ಟ ಹತ್ತಿ ಬರುತ್ತೇನೆ ಎಂದಿದ್ದಾಳೆ. ಕಾರವಾರದ ಗೆಳತಿಯ ಅಮ್ಮನನ್ನೂ ಕರೆದಿದ್ದೇನೆ, ಮಣಗಣೆ ಅವರೇ ಮಾಡಬೇಕು ಎನ್ನುವ ಷರತ್ತಿನ ಮೇಲೆ. ಹತ್ತಿರ ಇರುವವರು ನೀವೂ ಬನ್ನಿ. ಚಾ ಇರುತ್ತದೆ.