ಮಕ್ಕಳ ಬ್ಲಡ್ ಕ್ಯಾನ್ಸರ್‌ನ ಹೊಸ ಔಷಧ ಬಿಪಿಎಲ್ ಕಾರ್ಡಿನ ಮನೆಗೂ ಸಿಗಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ನಾನು ವೈದ್ಯನಲ್ಲ. ಎಎಲ್‌ಎಲ್ ಎಂಬ ಬ್ಲಡ್ ಕ್ಯಾನ್ಸರ್‌ನಿಂದ ಗುಣವಾದ ಹುಡುಗಿಯೊಬ್ಬಳ ತಂದೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲೆಲ್ಲ ಹೆಚ್ಚಾಗಿ ಕಾಣುವುದು ಇದೇ. ನನ್ನ ಮಗಳು ಹಳೆಯ ಕೀಮೋದಲ್ಲೇ ಹುಷಾರಾದಳು: ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಬೆನ್ನಿಗೆ ಚುಚ್ಚುವ ಮೆಥೋಟ್ರೆಕ್ಸೇಟ್, ಆಮೇಲೆ ವರ್ಷಗಟ್ಟಲೆ ರಾತ್ರಿ ಹೊತ್ತು ಅರ್ಧ ಮುರಿದು ಕೊಡುತ್ತಿದ್ದ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ. ಈ ಔಷಧಗಳು ದಶಕಗಳಷ್ಟು ಹಳೆಯವು, ಬೆಲೆಯೂ ಕಡಿಮೆ, ಇವತ್ತಿಗೂ ಬಹುಪಾಲು ಮಕ್ಕಳನ್ನು ಉಳಿಸುತ್ತಿರುವುದು ಇವೇ. ನಾನು ಬರೆಯುತ್ತಿರುವುದು ಇವುಗಳಿಂದ ಗುಣವಾಗದೆ ಉಳಿದ ಮಕ್ಕಳ ಪರವಾಗಿ.

ಮಗಳಿದ್ದ ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚದ ಹುಡುಗನಿಗೆ ಮೈಂಟೆನೆನ್ಸ್ (ಕೊನೆಯ ಹಂತದ ದೀರ್ಘ ಮಾತ್ರೆ ಚಿಕಿತ್ಸೆ) ನಡೆಯುತ್ತಿರುವಾಗಲೇ ಕಾಯಿಲೆ ಮರುಕಳಿಸಿತು. ವೈದ್ಯರು ಅವನ ತಂದೆಗೆ ಒಂದು ಔಷಧದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, ಬೆಲೆಯನ್ನು ಬಾಯಲ್ಲಿ ಹೇಳಿದರು. ಆ ತಂದೆ ಚೀಟಿಯನ್ನು ಆರೋಗ್ಯ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು, ಕಂಡವರಿಗೆಲ್ಲ ತೋರಿಸಿ, ಇದು ಕಾರ್ಡಿನಲ್ಲಿ ಬರುತ್ತದಾ ಎಂದು ಕೇಳುತ್ತಿದ್ದರು. ಚೀಟಿಯಲ್ಲಿದ್ದ ಹೆಸರು ಬ್ಲಿನಾಟುಮೊಮ್ಯಾಬ್.

ಸ್ವಾಮಿ, ಇದು ಕೀಮೋ ಅಲ್ಲ. ಎರಡು ಕೈಗಳಿರುವ ಒಂದು ಪ್ರೋಟೀನ್. ಒಂದು ಕೈ ಮಗುವಿನ ರೋಗನಿರೋಧಕ ಟಿ ಕೋಶವನ್ನು ಹಿಡಿದರೆ, ಇನ್ನೊಂದು ಕೈ ಲ್ಯುಕೇಮಿಯಾ (ಬ್ಲಡ್ ಕ್ಯಾನ್ಸರ್) ಕೋಶದ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುತ್ತದೆ. ಎರಡೂ ಎದುರಾಬದುರಾದಾಗ ಟಿ ಕೋಶವೇ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಮೊದಲು ಇದನ್ನು ಹೆಚ್ಚಾಗಿ ಕಾಯಿಲೆ ಮರುಕಳಿಸಿದವರಿಗೆ, ಕೀಮೋಗೆ ಬಗ್ಗದವರಿಗೆ ಕೊಡುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಹೊರಬಂದ ಒಂದು ಅಧ್ಯಯನ ಲೆಕ್ಕವನ್ನೇ ಬದಲಿಸಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 1,440 ಮಕ್ಕಳು ಅದರಲ್ಲಿದ್ದರು. ಎಲ್ಲರೂ ಹೊಸದಾಗಿ ಕಾಯಿಲೆ ಪತ್ತೆಯಾದವರೇ. ಕೀಮೋ ಮಾತ್ರ ಪಡೆದವರಲ್ಲಿ ಮೂರು ವರ್ಷಗಳ ನಂತರ ಕಾಯಿಲೆಯಿಲ್ಲದೆ ಇದ್ದವರು ಶೇ. 87.9. ಕೀಮೋ ಜೊತೆಗೆ ಈ ಔಷಧದ ಎರಡು ಸೈಕಲ್ (ಸುತ್ತು) ಪಡೆದವರಲ್ಲಿ ಶೇ. 96. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಮಧ್ಯಂತರ ಫಲಿತಾಂಶ ನೋಡಿಯೇ ಮಕ್ಕಳನ್ನು ಎರಡು ಗುಂಪು ಮಾಡುವುದನ್ನು ನಿಲ್ಲಿಸಿಬಿಟ್ಟರು. ಒಂದು ವರ್ಷವೂ ತುಂಬದ, ಅತಿ ಕೆಟ್ಟ ಬಗೆಯ ಲ್ಯುಕೇಮಿಯಾ ಇರುವ ಕೂಸುಗಳ ಮೇಲೆ ನಡೆದ 2023ರ ಸಣ್ಣ ಅಧ್ಯಯನದಲ್ಲೂ ಒಳ್ಳೆಯ ಫಲಿತಾಂಶವೇ ಬಂತು: ಹಿಂದೆ ಎರಡು ವರ್ಷ ಕಾಯಿಲೆಯಿಲ್ಲದೆ ಇರುತ್ತಿದ್ದವರು ಶೇ. 49, ಇದನ್ನು ಕೊಟ್ಟ ಮೇಲೆ ಶೇ. 81ಕ್ಕೂ ಹೆಚ್ಚು.

ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಬದಲಿಸಿ ಮತ್ತೆ ದೇಹಕ್ಕೆ ಸೇರಿಸುವ ಕಾರ್-ಟಿ ಚಿಕಿತ್ಸೆಯ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ನಮ್ಮ ದೇಶದ ಹೆಮ್ಮೆ. ಆದರೆ 2023ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 15 ವರ್ಷ ಮೇಲ್ಪಟ್ಟವರಿಗೆ. ಐದು ವರ್ಷದ ಮಗುವಿನ ಮಟ್ಟಿಗೆ ಸದ್ಯಕ್ಕೆ ಕೈಗೆಟುಕಬಹುದಾದ ದಾರಿ ಬ್ಲಿನಾಟುಮೊಮ್ಯಾಬ್ ಎಂದೇ ನನ್ನ ಅಭಿಪ್ರಾಯ.

ಅಡ್ಡಿಯಾಗಿರುವುದು ಹಣ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿಯಿದೆ. ಆ ಮಿತಿಯೊಳಗೆ ಎರಡು ಸೈಕಲ್ ಆಗುವುದಿಲ್ಲ. ಹಾಗೆಂದು ಎಲ್ಲ ಮಕ್ಕಳಿಗೂ ನಾಳೆಯೇ ಕೊಡಿ ಎಂದು ನಾನು ಕೇಳುತ್ತಿಲ್ಲ. ಮೊದಲು ಕಾಯಿಲೆ ಮರುಕಳಿಸಿದ ಮಕ್ಕಳಿಗೆ ಕೊಡಿ. ಜೊತೆಗೆ, ಮೊದಲ ಹಂತದ ಕೀಮೋ ಮುಗಿದ ಮೇಲೂ ಎಂಆರ್‌ಡಿ ಪರೀಕ್ಷೆಯಲ್ಲಿ ಅಳಿದುಳಿದ ಕ್ಯಾನ್ಸರ್ ಕೋಶಗಳು ಕಂಡ ಮಕ್ಕಳಿಗೆ ಕೊಡಿ. ಇವರಿಗೆಂದು 5 ಲಕ್ಷದ ಮಿತಿಯ ಹೊರಗೆ ಪ್ರತ್ಯೇಕ ನಿಧಿ ಇಡಿ. ಎಂಆರ್‌ಡಿ ಪರೀಕ್ಷೆ ಪ್ರತಿ ಮಗುವಿಗೂ ಉಚಿತವಾಗಿರಲಿ, ಏಕೆಂದರೆ ಯಾರಿಗೆ ದುಬಾರಿ ಔಷಧ ಬೇಕು, ಯಾರಿಗೆ ಬೇಡ ಎಂದು ಹೇಳುವುದೇ ಆ ಪರೀಕ್ಷೆ.

ಬೆಲೆ ಇಳಿಸುವ ದಾರಿಯೂ ಇದೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಆಸ್ಪತ್ರೆಗಳು ಒಟ್ಟಾಗಿ ಚೌಕಾಸಿ ಮಾಡಿ 40 ಔಷಧಗಳ ಖರೀದಿಯಲ್ಲಿ ನೂರಾರು ಕೋಟಿ ಉಳಿಸಿವೆ. ಬೆಂಗಳೂರಿನ ನಮ್ಮ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಆ ಗ್ರಿಡ್‌ನ ಸದಸ್ಯ ಸಂಸ್ಥೆ. ಕರ್ನಾಟಕವೇ ಮುಂದೆ ನಿಂತು ಈ ಔಷಧಕ್ಕೂ ಅಂಥ ಖರೀದಿ ನಡೆಯಲಿ ಎಂದು ಒತ್ತಾಯಿಸಬಹುದು.

ಇನ್ನೊಂದು ಉಳಿತಾಯ ಔಷಧದ ಬಾಟಲಿಯಲ್ಲೇ ಇದೆ. ಒಂದು ವಯಲ್‌ನಲ್ಲಿ ಇರುವುದು 35 ಮೈಕ್ರೋಗ್ರಾಂ. ಇಪ್ಪತ್ತು ಕಿಲೋ ತೂಗುವ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 12. ಬೇರೆಬೇರೆ ಆಸ್ಪತ್ರೆಗಳಲ್ಲಿ ಒಂದೊಂದು ಮಗುವಿಗೆ ವಯಲ್ ಒಡೆದರೆ ಉಳಿದದ್ದು ಚರಂಡಿಗೆ ಹೋಗುವ ಸಂಭವವೇ ಹೆಚ್ಚು. ಮೂರ್ನಾಲ್ಕು ಮಕ್ಕಳಿಗೆ ಒಂದೇ ಕಡೆ, ಸ್ವಚ್ಛ ಕೊಠಡಿಯಿರುವ ಫಾರ್ಮಸಿಯಲ್ಲಿ ಒಟ್ಟಿಗೆ ತಯಾರಿಸಿದರೆ ಹಾಳಾಗುವುದು ಬಹಳ ಕಡಿಮೆಯಾಗುತ್ತದೆ. ಅಂಥ ಫಾರ್ಮಸಿ ಕಿದ್ವಾಯಿಯಲ್ಲಿ ಈ ಕೆಲಸಕ್ಕೇ ಮೀಸಲಾಗಲಿ. ಕಿದ್ವಾಯಿ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದೆ, ಹಣ ಕೊಡುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿಮ್ಮ ಇಲಾಖೆಯಲ್ಲಿದೆ. ಎರಡೂ ಇಲಾಖೆಗಳು ಒಂದೇ ಮೇಜಿಗೆ ಬಂದು ಕೂರದಿದ್ದರೆ ಫೈಲು ಅತ್ತಿಂದಿತ್ತ ಓಡಾಡುವುದರಲ್ಲೇ ಮಗುವಿನ ಸಮಯ ಮುಗಿಯುತ್ತದೆ.

ಔಷಧ ಕೊಂಡ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಒಂದು ಸೈಕಲ್ ಎಂದರೆ 28 ದಿನ, ಹಗಲೂ ರಾತ್ರಿ, ಎದೆಯ ರಕ್ತನಾಳಕ್ಕೆ ಹಾಕಿದ ಕೊಳವೆಯ (ಲೈನ್) ಮೂಲಕ ಪಂಪ್‌ನಿಂದ ಹನಿಹನಿಯಾಗಿ ಇಳಿಯುತ್ತಲೇ ಇರಬೇಕು. ನಾನು ಹೇಳಿದ ದೊಡ್ಡ ಅಧ್ಯಯನದಲ್ಲೇ ಈ ಔಷಧ ಪಡೆದ ಮಕ್ಕಳಲ್ಲಿ ಲೈನ್ ಸೋಂಕು, ರಕ್ತದ ಸೋಂಕು ಹೆಚ್ಚಾಗಿದ್ದವು. ಸೋಂಕಿನಿಂದಲೇ ಮಕ್ಕಳನ್ನು ಕಳೆದುಕೊಳ್ಳುವ ನಮ್ಮಂಥ ಕಡೆ ಇದನ್ನು ಹಗುರವಾಗಿ ನೋಡುವಂತಿಲ್ಲ. ಲೈನ್ ಮುಟ್ಟುವ ಮುನ್ನ ಕೈ ತೊಳೆಯುವ, ಲೈನಿನ ಬಾಯಿ ಒರೆಸುವ, ಡ್ರೆಸ್ಸಿಂಗ್ ಬದಲಿಸುವ ಕೆಲಸಕ್ಕೇ ತರಬೇತಾದ ನರ್ಸ್‌ಗಳು ಬೇಕು. ಅವರನ್ನು ಆರು ತಿಂಗಳಿಗೊಮ್ಮೆ ಬೇರೆ ವಾರ್ಡಿಗೆ ಹಾಕಬಾರದು. ಗುತ್ತಿಗೆ ನರ್ಸ್‌ಗಳ ಮೇಲೆ ಈ ಭಾರ ಹೊರಿಸುವುದಂತೂ ಬೇಡ.

ಅಮೆರಿಕದಲ್ಲಿ ಮೊದಲ ಕೆಲವು ದಿನ ಕಳೆದ ಮೇಲೆ ಮಕ್ಕಳು ಪಂಪನ್ನು ಬೆನ್ನಿನ ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಯಾದಗಿರಿ, ಬೀದರ್‌ನ ಮಗುವಿಗೆ ಸದ್ಯ ಅದು ಸಾಧ್ಯವಿಲ್ಲ. ಅಷ್ಟೂ ದಿನ ತಾಯಿ ಬೆಂಗಳೂರಿನಲ್ಲಿ, ತಂದೆಯ ಕೂಲಿ ಬಂದ್, ಉಳಿದ ಮಕ್ಕಳು ಅಜ್ಜಿಯ ಮನೆಯಲ್ಲಿ. ಎಷ್ಟೋ ಕುಟುಂಬಗಳು ಚಿಕಿತ್ಸೆ ಅರ್ಧಕ್ಕೆ ಬಿಡುವುದು ಈ ಖರ್ಚಿಗೇ ಹೆದರಿ. ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರ ಇದ್ದೇ ಇದೆ. ಬೆಂಗಳೂರಿನಲ್ಲಿ ಶುರುವಾದ ಸೈಕಲ್‌ನ ಉಳಿದ ಔಷಧದ ಬ್ಯಾಗ್‌ಗಳನ್ನು ಅಲ್ಲಿ ಬದಲಿಸಲು ಬೇಕಾಗುವುದು ಪಂಪ್‌ಗಳು, ತಣ್ಣಗಿಟ್ಟು ಸಾಗಿಸುವ ವ್ಯವಸ್ಥೆ, ತರಬೇತಿ ಪಡೆದ ನಾಲ್ಕು ಮಂದಿ, ಮತ್ತು ಜ್ವರ ಬಂದ ರಾತ್ರಿ ಫೋನ್ ಎತ್ತುವ ಒಬ್ಬ ಮಕ್ಕಳ ಕ್ಯಾನ್ಸರ್ ವೈದ್ಯರು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬರುವ ಬಜೆಟ್‌ಗೆ ಮುನ್ನ ಕಿದ್ವಾಯಿಯ ಮಕ್ಕಳ ವಿಭಾಗದ ವೈದ್ಯರನ್ನೂ ಟ್ರಸ್ಟ್‌ನ ಅಧಿಕಾರಿಗಳನ್ನೂ ಕರೆದು ಕೂರಿಸಿ, ಮೊದಲ ವರ್ಷಕ್ಕೆ ಎಷ್ಟು ಮಕ್ಕಳು, ಎಷ್ಟು ಹಣ ಎಂಬ ಲೆಕ್ಕ ಹಾಕಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಪ್ಪಳ ಜಿಲ್ಲೆಯ ಒಬ್ಬ ತಂದೆ