ಆವರ್ತಕಾಲ ಬರೆಯುವ ಮುನ್ನ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ನಕ್ಷತ್ರಗಳ ಆವರ್ತಕಾಲಗಳ (ಒಂದು ಸುತ್ತು ತಿರುಗಲು ಬೇಕಾದ ಸಮಯದ) ಪಟ್ಟಿಯನ್ನು ಎರಡು ಸಲ ಓದಿದೆ. 1990ರಲ್ಲಿ ಹಾರಿದ ರೊಸ್ಯಾಟ್ ಉಪಗ್ರಹವು ಮೃದು ಎಕ್ಸ್-ಕಿರಣಗಳಲ್ಲಿ ಗುರುತಿಸಿದ ನಕ್ಷತ್ರಗಳ ಗೋಚರ ಬೆಳಕು ಹೇಗೆ ಏರಿಳಿಯುತ್ತದೆಂದು ಹುಡುಕುವ ಕೆಲಸವನ್ನು ನೀನು ಆರಿಸಿಕೊಂಡದ್ದು ನನಗೆ ಬಹಳ ಸಂತೋಷ ತಂದಿದೆ. ವೇಗವಾಗಿ ತಿರುಗುವ ನಕ್ಷತ್ರದಲ್ಲಿ ಕಾಂತಕ್ಷೇತ್ರ ಬಲವಾಗಿರುತ್ತದೆ; ಅದೇ ಕ್ಷೇತ್ರ ನಕ್ಷತ್ರದ ಹೊರಗಿನ ತೆಳು ಅನಿಲದ ಆವರಣವಾದ ಕರೋನಾವನ್ನು ಲಕ್ಷಾಂತರ ಡಿಗ್ರಿಗೆ ಕಾಯಿಸಿ ಎಕ್ಸ್-ಕಿರಣ ಹೊಮ್ಮಿಸುತ್ತದೆ, ಮೇಲ್ಮೈಯಲ್ಲಿ ತಣ್ಣನೆಯ ಕಲೆಗಳನ್ನೂ ಮೂಡಿಸುತ್ತದೆ. ಆ ಕಲೆಗಳು ತಿರುಗುತ್ತ ನಮ್ಮೆದುರು ಬಂದಾಗ ಬೆಳಕು ಕುಗ್ಗುವುದರಿಂದ ನಿನಗೆ ಆವರ್ತಕಾಲ ಸಿಗುತ್ತದೆ.

ಆದರೆ ಗಣಕವು ಕೊಟ್ಟ ಸಂಖ್ಯೆಯನ್ನು ನೀನು ಬಹು ಬೇಗ ನಂಬುತ್ತಿದ್ದೀಯೆ ಎಂಬುದೇ ನನ್ನ ಕಳವಳ. ಎಬಿ ಡೊರಾಡಸ್ ನಕ್ಷತ್ರವನ್ನೇ ನೋಡು. ಅದು ಸುಮಾರು 12 ಗಂಟೆ 21 ನಿಮಿಷಕ್ಕೊಮ್ಮೆ ತಿರುಗುತ್ತದೆ. ಒಂದೇ ಸ್ಥಳದಿಂದ ದಿನಕ್ಕೊಮ್ಮೆ, ಅದೇ ಹೊತ್ತಿಗೆ ಅಳೆದವನಿಗೆ ಎರಡು ಸುತ್ತಿನ ನಂತರ ಹೆಚ್ಚುಕಡಿಮೆ ಅದೇ ಮುಖ ಕಾಣುವುದರಿಂದ, ಸುಮಾರು 17 ದಿನಗಳ ಸುಳ್ಳು ಅವಧಿಯೊಂದು ಲೆಕ್ಕದಲ್ಲಿ ತಲೆಯೆತ್ತುತ್ತದೆ. ಒಂದೇ ರಾತ್ರಿಯಲ್ಲಿ ಹಲವು ಗಂಟೆ ಬಿಡದೆ ಅಳೆದರೆ ಈ ಮೋಸ ಬಯಲಾಗುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಒಂದನ್ನೊಂದು ತಾಗಿಕೊಂಡು ಸುತ್ತುವ ಜೋಡಿ ನಕ್ಷತ್ರವೊಂದನ್ನು ಕಲೆಗಳುಳ್ಳ ಒಂಟಿ ನಕ್ಷತ್ರವೆಂದು ಬರೆದುಬಿಟ್ಟಿದ್ದೆ. ಅಂಥ ಜೋಡಿಯ ಬೆಳಕು ಒಂದು ಸುತ್ತಿನಲ್ಲಿ ಎರಡು ಬಾರಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ನನಗೆ ಸಿಕ್ಕಿದ್ದು ಅರ್ಧ ಅವಧಿ. ಕಲೆಗಳಿಂದಾಗುವ ಏರಿಳಿತದ ಆಕಾರ ತಿಂಗಳುಗಳಲ್ಲಿ ಬದಲಾಗುತ್ತದೆ, ನೀಲಿ ಬೆಳಕಿನಲ್ಲಿ ಕೆಂಪಿಗಿಂತ ಹೆಚ್ಚಾಗಿಯೂ ಕಾಣುತ್ತದೆ. ಅದನ್ನು ಪರೀಕ್ಷಿಸುವ ತಾಳ್ಮೆ ಅಂದು ನನಗಿರಲಿಲ್ಲ.

ಇನ್ನೊಂದು ಮಾತು. ನಕ್ಷತ್ರಗಳ ಬೆಳಕಿನ ಏರಿಳಿತವನ್ನು ಅಳೆಯುವ ಟೆಸ್ ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ಅಷ್ಟರಲ್ಲಿ ಎರಡು ಮೂರು ನಕ್ಷತ್ರಗಳು ಸೇರಿಹೋಗಿರಬಹುದು. ಬೆಳಕು ಏರಿಳಿಯುತ್ತಿರುವ ನಕ್ಷತ್ರವೇ ಎಕ್ಸ್-ಕಿರಣ ಸೂಸುವುದೂ ಹೌದೇ ಎಂದು ಮೊದಲು ಖಚಿತಪಡಿಸಿಕೊ.

ಒಂದು ದಿನಕ್ಕಿಂತ ಕಡಿಮೆ ಅವಧಿ ಬಂದಿರುವ ನಕ್ಷತ್ರಗಳ ಅಳತೆಗಳನ್ನು ದುಪ್ಪಟ್ಟು ಅವಧಿಗೆ ಮಡಿಸಿ (ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಇಟ್ಟು), ಅಕ್ಕಪಕ್ಕದ ಎರಡು ಕುಗ್ಗುಗಳ ಆಳ ಒಂದೇ ಇದೆಯೇ ನೋಡು; ಬೇರೆ ಬೇರೆಯಿದ್ದರೆ ದುಪ್ಪಟ್ಟು ಅವಧಿಯೇ ನಿಜವಾದದ್ದು. ಆ ಚಿತ್ರಗಳನ್ನು ನನಗೂ ಕಳುಹಿಸು, ಜೊತೆಯಾಗಿ ನೋಡೋಣ.

ನಿನ್ನ ದೊಡ್ಡಪ್ಪ